ಗೆರೆ ದಾಟಬೇಕಿದ್ದ ಕರುಗಳು

ಮಗುವಿನ ಹೊಕ್ಕುಳು ಇನ್ನೂ ಒಣಗಿಲ್ಲವಲ್ಲ ಎನ್ನುವ ಚಿಂತೆ ಯಾದಿರಾಳ ಬೆನ್ನು ಬಿಡುತ್ತಿರಲಿಲ್ಲ. ಬಳ್ಳಿ ಉದುರಿದ್ದೇನೋ ಉದುರಿತ್ತು. ಆದರೆ ಗುಳಿಯ ತಳದಲ್ಲಿ ಸಾಸಿವೆಯಷ್ಟು ತೇವ ಹಾಗೇ ಉಳಿದುಕೊಂಡಿತ್ತು. ಬೆಳಿಗ್ಗೆ ಒಮ್ಮೆ, ಹಾಲೂಡಿಸಿದ ಮೇಲೊಮ್ಮೆ, ಯಾವ ಕಾರಣವೂ ಇಲ್ಲದೆ ಇನ್ನೊಮ್ಮೆ ಅಂಗಿ ಎತ್ತಿ ನೋಡುತ್ತಿದ್ದಳು. ಎರ್ಮೊಸಿಯೊ ಪಟ್ಟಣದ ನರ್ಸು, ಏನೂ ಕಟ್ಟಬೇಡ, ಗಾಳಿಯಾಡಲಿ ಎಂದು ಹೇಳಿ ಕಳಿಸಿದ್ದಳು. ಆದರೆ ಈ ಲಾ ಪಿತಾಯಾ ಕಾವಲಿನಲ್ಲಿ ಗಾಳಿಯ ಜೊತೆಗೆ ನೊಣವೂ ಆಡುತ್ತಿತ್ತು. ಬೇಸಿಗೆಯ ಮಳೆ ಬಂದು ಹೋಗಿ, ಸೊನೋರಾ ಸೀಮೆಯ ಗುಡ್ಡಗಳೆಲ್ಲ ಹಸಿರು ಹೊದ್ದು, ದೊಡ್ಡಿಯ ಸಗಣಿ ಒಣಗದೆ ಹಸಿಯಾಗೇ ಬಿದ್ದಿರುವ ಕಾಲ ಅದು.

"ಹೊಕ್ಳ ಮ್ಯಾಲೆ ಒಂದು ಅಂಗಿ ಗುಂಡಿ ಇಟ್ಟು ಬಟ್ಟೆ ಸುತ್ತೇ ಅಂದ್ರೆ ಕೇಳಾಕಿಲ್ಲ ನೀನು," ಎನ್ನುತ್ತಿದ್ದರು ಅತ್ತೆ ಚಾಯೊ, ಹಿಟ್ಟಿನ ರೊಟ್ಟಿಯನ್ನು ಮೊಣಕೈವರೆಗೆ ಸೆರಗಿನ ಹಾಗೆ ಎಳೆದು ಹಿಗ್ಗಿಸುತ್ತಾ. "ನನ್ನ ಮಕ್ಕಳಿಗೆಲ್ಲ ಹಂಗೇ ಸುತ್ತಿದ್ದು. ಯಾರ ಹೊಕ್ಳೂ ಕಳಚಿ ಬೀದೀಗೆ ಬೀಳ್ಲಿಲ್ಲ."

"ನರ್ಸ್ ಬೇಡ ಅಂದಿದಾರೆ ಅತ್ತೆ."

"ಆ ನರ್ಸಮ್ಮಂಗೆ ಎಷ್ಟು ಮಕ್ಳಂತೆ?"

ಅದನ್ನು ಯಾದಿರಾ ಕೇಳಿರಲಿಲ್ಲ. ಕೇಳಬೇಕಿತ್ತೇನೋ ಎಂದು ಅದೂ ಒಂದು ಚಿಂತೆಯಾಯಿತು.

ಈ ಮನೆಯಲ್ಲಿ ಅವಳ ಚಿಂತೆಗೆ ಹೆಸರೇ ಬಂದುಬಿಟ್ಟಿತ್ತು. ಹೆರಿಗೆಯಾದ ಹೊಸದರಲ್ಲಿ ಮಗು ಲುಸೆರೊ ಬಿಕ್ಕಳಿಸಿತೆಂದು ಗಂಡ ರೊಸೆಂದೊನನ್ನು ಅರ್ಧ ಊಟದಿಂದ ಎಬ್ಬಿಸಿ, ಗುಡ್ಡದ ದಾರಿಯಲ್ಲಿ ಪಟ್ಟಣದವರೆಗೂ ಪಿಕಪ್ ಓಡಿಸಿದ್ದಳು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಬಿಕ್ಕಳಿಕೆ ನಿಂತು, ಮಗು ಗೊರಕೆ ಹೊಡೆಯುತ್ತಿತ್ತು. ಅಂದಿನಿಂದ ಮನೆಯಲ್ಲಿ ಯಾರು ಏನು ಗಾಬರಿಪಟ್ಟರೂ, "ಏನು, ಬಿಕ್ಕಳಿಕೆ ಬಂತಾ?" ಎಂದು ಕೇಳುವುದು ವಾಡಿಕೆ. ಹಾಲು ಉಕ್ಕಿದರೂ ಬಿಕ್ಕಳಿಕೆ, ಪಂಪು ಕೆಟ್ಟರೂ ಬಿಕ್ಕಳಿಕೆ.

ಅವಳು ಎರ್ಮೊಸಿಯೊದಲ್ಲಿ ಪಂಕ್ಚರ್ ಅಂಗಡಿಯವನ ಮಗಳು. ಕಾಲೇಜಿನಲ್ಲಿ ವ್ಯಾಪಾರಶಾಸ್ತ್ರ ಓದಿದವಳು. ದನ ಎಂದರೆ ಅವಳಿಗೆ ಭಾನುವಾರ ಅಂಗಳದ ಕೆಂಡದ ಮೇಲೆ ಚುರುಗುಡುವ ಮಾಂಸವೇ ಹೊರತು ನಾಲ್ಕು ಕಾಲಿನ ಪ್ರಾಣಿಯಾಗಿರಲಿಲ್ಲ. ರೊಸೆಂದೊ ಒಂದು ದಿನ ಟೈರು ಒಡೆದುಕೊಂಡು ಅಂಗಡಿಗೆ ಬಂದ. ಆಮೇಲೆ ಒಡೆಯದ ಟೈರುಗಳನ್ನೂ ತಂದು ತೋರಿಸತೊಡಗಿದ. "ಈ ಹುಡುಗನ ಗಾಡಿಗೆ ಮೊಳೆ ಅಲ್ಲ ಕಣೇ, ನೀನೇ ಚುಚ್ಕೊಂಡಿರೋದು," ಎಂದು ಅಪ್ಪ ನಕ್ಕಿದ್ದ. ಮದುವೆಯಾಗಿ ಗುಡ್ಡ ಹತ್ತಿದ ಮೇಲೆ ಅವಳಿಗೆ ಮೊದಲು ತಿಳಿದದ್ದು, ಇಲ್ಲಿನವರ ಮಾತೆಲ್ಲ ಒಂದೇ ಕಡೆ ತಿರುಗಿರುತ್ತದೆ ಎಂಬುದು. ಉತ್ತರಕ್ಕೆ. ಅಲ್ಲಿ ಗಡಿ, ಗಡಿಯಾಚೆ ಅಮೆರಿಕ. ಗಡಿ ಎಂದು ಯಾರೂ ಅನ್ನುವುದಿಲ್ಲ. ಗೆರೆ ಅನ್ನುತ್ತಾರೆ.

ಹಸು ಈ ಗುಡ್ಡದಲ್ಲಿ ಈಯುತ್ತದೆ. ಕರು ಇಲ್ಲೇ ಮೇಯುತ್ತದೆ. ಎದೆಮಟ್ಟ ಬೆಳೆದ ಗಂಡುಗರು ಬೀಜ ತೆಗೆಸಿಕೊಂಡು, ಕಿವಿಗೆ ನಂಬರಿನ ಓಲೆ ಹಾಕಿಸಿಕೊಂಡು ಗೆರೆ ದಾಟುತ್ತದೆ. ಆಚೆ ಜೋಳ ತಿಂದು ಕೊಬ್ಬಿ, ಆಚೆಯವರ ತಟ್ಟೆ ಸೇರುತ್ತದೆ. ಮಾವ ದೊನ್ ಎಫ್ರೆನ್ ಅವರ ತಾತನ ಕಾಲದಿಂದಲೂ ಇದೇ ಕ್ರಮ. ಈಗ ಆ ಕ್ರಮ ತಪ್ಪಿತ್ತು. ಹಸಿಗಾಯಕ್ಕೆ ಮೊಟ್ಟೆಯಿಟ್ಟು, ಬದುಕಿರುವ ಮಾಂಸವನ್ನೇ ಕೊರೆದು ತಿನ್ನುವ ಹುಳುವಿನ ನೊಣ ದಕ್ಷಿಣದಿಂದ ಮೇಲೇರಿ ಬರುತ್ತಿದೆಯೆಂದು ಆಚೆಯವರು ಗೇಟು ಹಾಕಿದ್ದರು. ಆಚೆ ದನ ಕಡಿಮೆಯಾಗಿ ಬೆಲೆ ಮುಗಿಲು ಮುಟ್ಟಿತ್ತು. ಈಚೆ ಕರುಗಳು ದೊಡ್ಡಿಯಲ್ಲೇ ಕೊಂಬು ಬೆಳೆಸಿಕೊಂಡು ನಿಂತಿದ್ದವು. ಒಳನಾಡಿನ ದಲ್ಲಾಳಿಗಳು ಬಂದು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ, ಅರ್ಧ ಬೆಲೆಗೆ ಕೇಳಿ ಹೋಗುತ್ತಿದ್ದರು.

ಮನೆಯ ಹತ್ತಿರ ಫೋನಿಗೆ ಮೆಸೇಜು ಬರುವಷ್ಟು ಸಿಗ್ನಲ್ ಇತ್ತು, ಮಾತಾಡುವಷ್ಟು ಇರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಮಾವ ಕೇಳುತ್ತಿದ್ದರು, "ಮಗ್ಳೇ, ಗೆರೆಯಾಚೆ ಏನಂತೆ?" ಯಾದಿರಾ ಫೋನು ತೆಗೆದು ಆಚೆಯ ಪೇಟೆ ಧಾರಣೆ ಓದುತ್ತಿದ್ದಳು. ಅವರು ಕಣ್ಣು ಮುಚ್ಚಿ, ಪಕ್ಕದ ಮನೆಯ ಮದುವೆ ಅಡುಗೆಯ ವಾಸನೆ ಎಳೆದುಕೊಳ್ಳುವವರ ಹಾಗೆ ಕೇಳುತ್ತಿದ್ದರು. "ಇನ್ನೂ ಏರ್ತಾ?" "ಏರಿದೆ ಮಾವ." "ಏರ್ಲಿ ಏರ್ಲಿ. ನಮ್ಗೇನು, ಏಣಿ ಇಲ್ವಲ್ಲ." ಓದಿದ ಸೊಸೆ ಈ ಮನೆಗೆ ಉಪಯೋಗಕ್ಕೆ ಬರುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ. ಆ ಹೊತ್ತಿಗಾಗಿ ಅವಳು ಕಾಯುತ್ತಿದ್ದಳು.

ಮಾವನಿಗೊಂದು ನೇಮವಿತ್ತು. ಚಳಿ ಬೀಳದೆ, ಚಂದ್ರ ಇಳಿಮುಖವಾಗದೆ ಕರುವಿನ ಮೇಲೆ ಚಾಕು ಎತ್ತುತ್ತಿರಲಿಲ್ಲ. ಸೆಕೆಯಲ್ಲಿ ಕೊಯ್ದರೆ ಗಾಯ ನೊಣವನ್ನು ಹೆಸರು ಹಿಡಿದು ಕರೆಯುತ್ತದೆ ಎನ್ನುತ್ತಿದ್ದರು. ಆದರೆ ಈ ಸಲ ಪಕ್ಕದ ಕಾವಲಿನ ಕಿಹಾದಾ ಪಿಕಪ್ಪಿನಿಂದ ಇಳಿಯದೆಯೇ ಕೂಗಿದ್ದ: "ಎಫ್ರೆನಣ್ಣಾ, ಗೆರೆ ತೆಗೀತಾರಂತೆ! ಮೊದ್ಲು ನಮ್ ಸೀಮೇಗೇ ಅಂತೆ! ಆದ್ರೆ ಗಾಯ ಒಣಗಿರೋ ಕರೂನೇ ಆಗ್ಬೇಕಂತೆ!" ಬೀಜವಿರುವ ಗಂಡನ್ನು ಆಚೆಯವರು ಮುಟ್ಟುವುದಿಲ್ಲ. ಚಳಿಗೆ ಕಾಯುತ್ತಾ ಕೂತರೆ ಮಾಯುವ ಹೊತ್ತಿಗೆ ಗೇಟು ಮತ್ತೆ ಮುಚ್ಚಿರುತ್ತದೆ. ಮಾವ ಆಕಾಶ ನೋಡಿದರು, ಕ್ಯಾಲೆಂಡರು ನೋಡಿದರು, ಚಾಕು ಮಸೆದರು.

ಅಂದು ದೊಡ್ಡಿಯಲ್ಲಿ ನಗುವೋ ನಗು. ದಕ್ಷಿಣದಲ್ಲಿ ವಿಮಾನದಿಂದ ಸಂತಾನವಾಗದ ಗಂಡು ನೊಣಗಳನ್ನು ಸುರಿಯುತ್ತಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು. "ನೋಡ್ಲಾ ರೊಸೆಂದೊ," ಎಂದರು ಮಾವ, ಮಂಡಿಯ ಕೆಳಗೆ ಕರುವನ್ನು ಒತ್ತಿಹಿಡಿದು, "ನಾವು ಕರುಗಳ ಬೀಜ ತೆಗೀತೀವಿ, ಸರ್ಕಾರದೋರು ನೊಣದ ಬೀಜ ತೆಗೀತವ್ರಂತೆ. ಅಷ್ಟು ಸಣ್ಣ ಚಾಕು ಎಲ್ಲಿ ಸಿಕ್ತೋ ಅವ್ರಿಗೆ!"

ಗಾಯಗಳು ಬಹುಪಾಲು ಮಾಯ್ದವು. ಲಾರಿ ಗೊತ್ತುಮಾಡಿದ್ದಾಯಿತು. ಸಣ್ಣ ಕಾವಲುಗಳವರು ಒಬ್ಬೊಬ್ಬರೇ ಲಾರಿ ತುಂಬಿಸಲಾರರು, ಹಾಗಾಗಿ ಲಾ ಪಿತಾಯಾದ ಕರುಗಳೂ ಕಿಹಾದಾನ ಕರುಗಳೂ ಒಂದೇ ಲಾರಿಯಲ್ಲಿ ಹೊರಡುವುದೆಂದು ಮಾತಾಯಿತು. ಸೋಮವಾರ ಬೆಳಿಗ್ಗೆ.

ಶನಿವಾರ ಬೆಳಿಗ್ಗೆ ಯಾದಿರಾ ಮಗುವಿನ ಬಟ್ಟೆ ಒಗೆದು ಹರಡುತ್ತಿದ್ದಾಗ ಮಾವ ಒಂದು ಕರುವನ್ನು ಹಿಂಡಿನಿಂದ ಬೇರೆ ಮಾಡಿ, ಹಳ್ಳದಾಚೆಯ ಹಳೇ ಕಲ್ಲುದೊಡ್ಡಿಗೆ ಎಳೆದೊಯ್ಯುತ್ತಿದ್ದುದು ಕಂಡಿತು. ಬಹಳ ಹೊತ್ತಿನ ಮೇಲೆ ಒಬ್ಬರೇ ವಾಪಸು ಬಂದರು. ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆದರು. ಒರೆಸಿಕೊಂಡು, ಮೂಸಿ ನೋಡಿಕೊಂಡು, ಮತ್ತೆ ತೊಳೆದರು. ತಿಂಡಿಗೆ ಕೂತವರು, ಒಣಮಾಂಸವನ್ನು ಕುಟ್ಟಿ ಮೊಟ್ಟೆ ಹಾಕಿ ಹುರಿದದ್ದನ್ನು ತಟ್ಟೆಯಲ್ಲೇ ಬಿಟ್ಟೆದ್ದರು. ಬಾಣಲಿಯನ್ನೂ ರೊಟ್ಟಿಯಲ್ಲಿ ಒರೆಸಿ ತಿನ್ನುವ ಮನುಷ್ಯ.

"ಮಾವಂಗೆ ಮೈ ಹುಷಾರಿಲ್ವಾ ಅತ್ತೆ?"

"ಯಾಕೆ, ಅವ್ರಿಗೂ ಬಿಕ್ಕಳಿಕೆನಾ?" ಎಂದು ಅತ್ತೆ ನಕ್ಕರು. ಆದರೆ ಆ ತಟ್ಟೆಯನ್ನು ಅವರೂ ನೋಡಿದರು.

ಯಾದಿರಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗುವನ್ನು ಅತ್ತೆಯ ತೊಡೆಯ ಮೇಲೆ ಹಾಕಿ, ಒಣಹಾಕಿದ ಬಟ್ಟೆ ತರುತ್ತೇನೆಂದು ಹೇಳಿ ಹಳ್ಳ ದಾಟಿದಳು. ಕರುವಿಗಿಂತ ಮೊದಲು ವಾಸನೆ ಎದುರಾಯಿತು. ಕೊಳೆತದ್ದು, ಆದರೆ ಎಲ್ಲೋ ಸಿಹಿ ಬೆರೆತ ಕೊಳೆತ. ಕರು ತಲೆ ತಗ್ಗಿಸಿ, ಹಿಂಗಾಲು ಒದರುತ್ತಾ ಗೋಡೆಗೆ ಅಂಟಿಕೊಂಡು ನಿಂತಿತ್ತು. ಬಾಲದ ಕೆಳಗೆ, ಮಾಯಬೇಕಿದ್ದ ಕಡೆ, ಬಟ್ಟಲಿನಷ್ಟು ಗುಳಿ. ಕಪ್ಪು ಔಷಧಿ ಬಳಿದಿತ್ತು. ಅದರ ಅಂಚಿನಲ್ಲಿ ಹುಳುಗಳು ಒಂದಕ್ಕೊಂದು ಒತ್ತಿಕೊಂಡು, ತಲೆ ಒಳಗೆ, ಬಾಲ ಹೊರಗೆ. ಕಡ್ಡಿ ತೆಗೆದುಕೊಂಡು ಮುಟ್ಟಿದಳು. ಅವು ಉದುರಲಿಲ್ಲ. ತಿರುಪಿನ ಮೊಳೆಯ ಹಾಗೆ ಇನ್ನೂ ಒಳಕ್ಕೆ ಇಳಿದವು. ಕರು ನರಳಿತು.

ಅವಳು ಓಡುತ್ತಲೇ ಬಂದು ಅಡುಗೆಮನೆಗೆ ನುಗ್ಗಿದಳು. "ಅತ್ತೆ, ಗುಂಡಿ ಎಲ್ಲಿ? ಬಟ್ಟೆ ಎಲ್ಲಿ? ಸುತ್ತಿ, ಈಗ್ಲೇ ಸುತ್ತಿ."

"ಯಾಕೆ, ನರ್ಸಮ್ಮ ಒಪ್ಕಂಡ್ಳಾ?"

"ಸುತ್ತಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

ಸೊಸೆಯ ಮುಖ ನೋಡಿದ ಚಾಯೊ ಗುಂಡಿ ಹುಡುಕಿ ತಂದು ಹೊಕ್ಕುಳ ಮೇಲಿಟ್ಟರು. ಬೆಳ್ಳಗೆ ಒಗೆದ ಬಟ್ಟೆಯನ್ನು ಮಗುವಿನ ಹೊಟ್ಟೆಗೆ ಬಿಗಿಯಾಗದ ಹಾಗೆ, ಸಡಿಲವೂ ಆಗದ ಹಾಗೆ ಸುತ್ತಿದರು. ಯಾದಿರಾ ಅದರ ಮೇಲೆ ಇನ್ನೊಂದು ಸುತ್ತು ಸುತ್ತಿದಳು.

ಮಧ್ಯಾಹ್ನ ರೊಸೆಂದೊ ಬರುವವರೆಗೆ ಅವಳು ಮನೆಯೊಳಗೆ ಹತ್ತು ಸಲ ಹೋಗಿ ಬಂದಳು. ಫೋನಿನಲ್ಲಿ ಮೆಸೇಜು ಬರೆದಳು, ಅಳಿಸಿದಳು. ಕೊರೆಹುಳು ಕಂಡರೆ ಕೂಡಲೇ ತಿಳಿಸಬೇಕು ಎಂದು ರೇಡಿಯೋದವರು ಎರಡು ಹಾಡಿನ ನಡುವೆ ಹೇಳುವ ಆ ಪಶುವೈದ್ಯರ ನಂಬರು ಈ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಫೋನು ಮಾಡಿದರೆ ಏನಾಗುತ್ತದೆ ಎನ್ನುವುದೂ ಎಲ್ಲರಿಗೂ ಗೊತ್ತು. ಕಣಿವೆಯಿಂದ ಒಂದು ದನವೂ ಅಲ್ಲಾಡುವಂತಿಲ್ಲ. ಲಾರಿ ಬರುವುದಿಲ್ಲ. ಇಡೀ ವರ್ಷ ಕಾದ ಕಿಹಾದಾನಿಗೆ, ಸಾನ್ ಲಾಸಾರೊ ಹಳ್ಳಿಯ ಸುತ್ತಲಿನ ಎಲ್ಲ ಕಾವಲುಗಳವರಿಗೆ, ಬೆರಳು ತೋರಿಸಲು ಒಂದು ಮನೆ ಸಿಗುತ್ತದೆ. ಅದೆಲ್ಲ ಆಗಿ, ಆಮೇಲೆ ಅದು ಬರೀ ಕೊಳೆತ ಗಾಯದ ಹುಳು ಎಂದಾಗಿಬಿಟ್ಟರೆ? ಬಿಕ್ಕಳಿಕೆ ಎಂದು ಈ ಸಲ ಮನೆಯವರಷ್ಟೇ ಅನ್ನುವುದಿಲ್ಲ, ಇಡೀ ಕಣಿವೆ ಅನ್ನುತ್ತದೆ.

ಊಟಕ್ಕೆ ಕೂತಾಗ ಅವಳು ಹೇಳಿಯೇಬಿಟ್ಟಳು. "ನಾನು ಕಲ್ಲುದೊಡ್ಡಿಗೆ ಹೋಗಿದ್ದೆ."

ರೊಸೆಂದೊ ಅಪ್ಪನ ಕಡೆ ನೋಡಿದ. ಅವನಿಗೂ ಗೊತ್ತಿತ್ತು. "ಅಪ್ಪ ಔಷಧಿ ಹಾಕವ್ನೆ ಕಣೇ. ಸಾಯುತ್ತೆ ಹುಳ."

"ಆ ಕರೂದು ಸಾಯುತ್ತೆ. ನೊಣ ಒಂದೇ ಕರೂನ ನೋಡ್ಕೊಂಡು ಬಂದಿತ್ತಾ?"

"ನಿಂಗೆ ಯಾವಾಗ್ಲೂ ಏನೋ ಒಂದು. ಮೊನ್ನೆ ಹೊಕ್ಳು, ಇವತ್ತು ಹುಳ."

"ಮಾವ," ಎಂದಳು ಯಾದಿರಾ, ಗಂಡನ ಕಡೆ ತಿರುಗದೆ, "ನೀವು ಹೇಳಿ. ಅದು ಬರೀ ಹುಳನಾ?"

ದೊನ್ ಎಫ್ರೆನ್ ಕೆಂಪು ಚಿಲ್ತೆಪಿನ್ ಮೆಣಸಿನಕಾಳೊಂದನ್ನು ಬೆರಳಲ್ಲಿ ಹಿಸುಕಿ ಬೇಳೆಗೆ ಉದುರಿಸಿದರು. ತಿನ್ನಲಿಲ್ಲ. "ಗೇಟಿನ ತಾವಿಂದ್ಲೇ ವಾಸ್ನೆ ಗೊತ್ತಾಯ್ತು," ಎಂದರು. "ನಾನ್ ಚಿಕ್ಕೋನಿದ್ದಾಗ ನಮ್ಮಪ್ಪ ಜೇಬಲ್ಲಿ ಔಷಧಿ ಡಬ್ಬಿ ಇಲ್ದೆ ಕುದ್ರೆ ಹತ್ತಿದೋನಲ್ಲ. ದಿನಾ ಕರು ಹಿಡಿಯೋದು, ಹುಳ ಕೀಳೋದು. ಆಮ್ಯಾಕೆ ಈ ಹುಳ ಎಲ್ಲಾ ಹೋಯ್ತು. ಮತ್ತೆ ಮೂಗಿಗೆ ಬರಾಕಿಲ್ಲ ಅಂದ್ಕಂಡಿದ್ದೆ."

ಮಗು ಹೊಸ ಬಟ್ಟೆಯೊಳಗೆ ಕಾಲು ಒದ್ದುಕೊಂಡು ಕಿರುಗುಟ್ಟಿತು.

"ಹಂಗಾದ್ರೆ ಫೋನ್ ಮಾಡೋಣ ಮಾವ."

"ನಾಡಿದ್ದು ಲಾರಿ ಹೋಗ್ಲಿ. ಆಮ್ಯಾಕೆ ಯಾರಿಗ್ ಬೇಕಾದ್ರೂ ಹೇಳು."

"ಲಾರೀಲಿ ಹೋಗೋವುಗಳಲ್ಲಿ ಒಂದಕ್ಕೆ ಇದ್ರೆ? ಗೆರೆ ಹತ್ರ ಅವ್ರು ಒಂದೊಂದನ್ನೂ ಬಾಲ ಎತ್ತಿ ನೋಡ್ತಾರೆ. ಅಲ್ಲಿ ಸಿಕ್ಕಿದ್ರೆ ನಮ್ಮ ಲಾರಿ ವಾಪಸ್ ಬರೋದಷ್ಟೇ ಅಲ್ಲ, ಇಡೀ ಸೊನೋರಾಕ್ಕೆ ಗೇಟ್ ಹಾಕ್ತಾರೆ."

"ಸಿಕ್ಕಿದ್ರೆ ತಾನೇ?" ಎಂದ ರೊಸೆಂದೊ. "ಫೋನ್ ಮಾಡಿದ್ರೆ ಇವತ್ತೇ ಹಾಕ್ತಾರೆ. ನಾಳೆ ಇಗರ್ಜಿಲಿ ನಮ್ಮ ಬೆಂಚಲ್ಲಿ ಯಾರಾದ್ರೂ ಕೂತ್ಕಂಡ್ರೆ ಕೇಳು."

ಚಾಯೊ ಬೇಳೆಯ ಪಾತ್ರೆ ಮುಚ್ಚಿದರು. "ಉಣ್ಣಿ ಮೊದ್ಲು," ಎಂದರು. ಯಾರೂ ಉಣ್ಣಲಿಲ್ಲ. ರೊಸೆಂದೊ ಟೋಪಿ ಹಾಕಿಕೊಂಡು ಬೇಲಿ ನೋಡುವ ನೆಪದಲ್ಲಿ ಕುದುರೆ ಹತ್ತಿ ಹೋದ.

ಬಿಸಿಲು ಸ್ವಲ್ಪ ವಾಲುವ ಹೊತ್ತಿಗೆ ಕಿಹಾದಾನ ಪಿಕಪ್ ಧೂಳೆಬ್ಬಿಸುತ್ತಾ ಬಂತು. ಈ ಸಲ ಅವನು ಇಳಿದ. ಹೊಸ ಅಂಗಿ ಹಾಕಿದ್ದ, ಲಾರಿ ನಾಡಿದ್ದಲ್ಲ, ಈಗಲೇ ಬಂದು ನಿಂತಿದೆ ಎನ್ನುವ ಹಾಗೆ.

"ಏನಣ್ಣಾ, ಮೊಖ ಯಾಕೆ ಹುಳ್ಳಗೈತೆ? ಗೆರೆ ತೆಗೀತಾರೆ ಅಂದ್ರೆ ಅಳ್ತೀಯಲ್ಲ ನೀನು! ಎಲ್ಲಿ, ಮಗಾ ತೋರ್ಸಮ್ಮ. ಓಹೋ, ಇದ್ಕೂ ಬಟ್ಟೆ ಸುತ್ತಾಯ್ತು, ಓಲೆ ಹಾಕೋದೊಂದೇ ಬಾಕಿ, ಇದ್ನೂ ಆಚೆಗೆ ಕಳಿಸ್ತೀರಾ?" ಅವನೇ ಗಹಗಹಿಸಿದ. ಚಾಯೊ ಕಾಫಿ ತಂದರು. ಅವನು ಮಾವನ ಪಕ್ಕ ಕೂತು ದನಿ ತಗ್ಗಿಸಿದ. "ನೋಡಣ್ಣ, ನಂದು ನಾಕೈದು ಕರ ಇನ್ನೂ ವಸಿ ಹಸಿ ಅವೆ. ಚಾಕು ಹಾಕಿದ್ದು ತಡ ಆಯ್ತು. ಪರವಾಗಿಲ್ಲ, ನಾಡಿದ್ದು ಬೆಳಗ್ಗೆ ಸಗಣಿ ಮೆತ್ತಿ ನಿನ್ ಕರುಗಳ ಮಧ್ಯಕ್ಕೆ ಬಿಡ್ತೀನಿ. ಬಾಲದ ಕೆಳ್ಗೆ ಯಾರ್ ಮೂಗು ತೂರಿಸ್ತಾರೆ?"

ಯಾದಿರಾ ಮಾವನನ್ನು ನೋಡಿದಳು. ಅವರು ಕಾಫಿ ಬಟ್ಟಲಿನೊಳಗೆ ನೋಡುತ್ತಿದ್ದರು. ಹೇಳುತ್ತಾರೆ ಎಂದುಕೊಂಡಳು. ನಿನ್ನ ಹಸಿಗಾಯದ ಕರುಗಳನ್ನು ನನ್ನ ಕರುಗಳ ಜೊತೆ ತುಂಬಬೇಡ ಕಣೋ ಎನ್ನುತ್ತಾರೆ, ಇಷ್ಟು ವರ್ಷದ ಗೆಳೆಯನಿಗೆ ಅಷ್ಟಾದರೂ ಅನ್ನುತ್ತಾರೆ. ಅವರು ಬಟ್ಟಲು ಕೆಳಗಿಟ್ಟರು.

"ಆಗ್ಲಿ," ಎಂದರು ದೊನ್ ಎಫ್ರೆನ್.

ಕಿಹಾದಾ ಖುಷಿಯಿಂದ ಅವರ ತೊಡೆ ತಟ್ಟಿ, ಹಾರ್ನು ಹೊಡೆದುಕೊಂಡು ಹೋದ. ಯಾದಿರಾಳ ಕಿವಿಯಲ್ಲಿ ಅದೊಂದೇ ಮಾತು ಗುಂಯ್‌ಗುಟ್ಟುತ್ತಿತ್ತು. ತನ್ನ ಮಾವ ಸುಳ್ಳು ಹೇಳುವ ಮನುಷ್ಯನಲ್ಲ. ದಲ್ಲಾಳಿ ಎದುರಿಗೂ ಕುಂಟುವ ಕರುವನ್ನು ಕುಂಟುತ್ತೆ ಎಂದೇ ಹೇಳಿ ಮಾರಿದವರು. ಅವರಿಂದ ಈಗ ಆ ನಂಬರು ಒತ್ತಲಾಗುವುದಿಲ್ಲ, ಗೆಳೆಯನಿಗೆ ಬೇಡ ಎನ್ನಲೂ ಆಗುವುದಿಲ್ಲ. ತಾನೇ ಕೆಂಡ ಕಟ್ಟಿಕೊಂಡ ಮಡಿಲನ್ನು ಬಿಚ್ಚಲು ಕೈ ಬರುತ್ತಿಲ್ಲ, ಅಷ್ಟೆ.

ಅವಳು ಗೋಡೆಯ ಮೊಳೆಯಿಂದ ಹಳೇ ಪಿಕಪ್ಪಿನ ಬೀಗದ ಕೈ ತೆಗೆದುಕೊಂಡಳು. ಮಗುವನ್ನು ಎತ್ತಿಕೊಂಡಳು. ಬಿಟ್ಟು ಹೋಗಬಹುದಿತ್ತು, ಆದರೆ ಈ ಹೊತ್ತಿನಲ್ಲಿ ಅದನ್ನು ಮೈಯಿಂದ ಬೇರೆ ಮಾಡಲು ಅವಳಿಂದಾಗಲಿಲ್ಲ. ಹೊಸ್ತಿಲ ಬಳಿ ಬಂದಾಗ ಮಾವ ತಲೆ ಎತ್ತಿದರು. ಎಲ್ಲಿಗೆ ಎಂದು ಕೇಳಲಿಲ್ಲ. ಮಾತಾಡಲು ಸಿಗ್ನಲ್ ಸಿಗುವುದು ಹೆದ್ದಾರಿ ಗೇಟಿನ ದಿಬ್ಬದ ಮೇಲೆ ಮಾತ್ರ ಎಂದು ಅವರಿಗೂ ಗೊತ್ತಿತ್ತು.

"ಬಿಸ್ಲು ಜೋರಾಗೈತೆ," ಎಂದರು. "ಮಗೀಗೆ ಟೋಪಿ ಹಾಕು."

ಚಾಯೊ ಓಡಿಹೋಗಿ ಟೋಪಿ ತಂದು ಮಗುವಿನ ತಲೆಗೆ ಹಾಕಿದರು. ಸೊಸೆಯ ಮುಖ ನೋಡಲಿಲ್ಲ.

ದಿಬ್ಬದ ಮೇಲೆ ಗಾಳಿ ಬಿಸಿಯಾಗಿತ್ತು. ಕೆಳಗೆ ಇಡೀ ಕಾವಲು, ಹಸಿರು ಗುಡ್ಡದ ಮೈಮೇಲೆ ಚುಕ್ಕಿ ಚುಕ್ಕಿ ದನ, ಅವುಗಳ ನಡುವೆ ಕುದುರೆಯ ಮೇಲೊಬ್ಬ ಮನುಷ್ಯ. ರೊಸೆಂದೊ. ಅವನು ಪಿಕಪ್ ನೋಡಿರಬೇಕು, ಕುದುರೆಯನ್ನು ಇತ್ತ ತಿರುಗಿಸಿದ್ದ. ಅವನು ಬಂದರೆ ಏನೆನ್ನುತ್ತಾನೆ ಎಂದು ಅವಳಿಗೆ ಒಮ್ಮೆ ಗೊತ್ತಿದೆ ಅನ್ನಿಸಿತು, ಒಮ್ಮೆ ಗೊತ್ತೇ ಇಲ್ಲ ಅನ್ನಿಸಿತು. ಒಮ್ಮೆ ನಂಬರು ಒತ್ತಿ ಕತ್ತರಿಸಿದಳು. ಮಗುವಿನ ಹೊಟ್ಟೆಯ ಬಟ್ಟೆ ತಡವಿ ನೋಡಿದಳು, ಒಣಗಿತ್ತು. ಮತ್ತೆ ಒತ್ತಿದಳು.

"ಹೇಳಿ," ಎಂದಿತು ಒಂದು ಹೆಣ್ಣುದನಿ, ಏನೋ ಅಗಿಯುತ್ತಾ.

"ನಮ್ಮ ಕರುವಿನ ಗಾಯದಲ್ಲಿ ಹುಳ ಇದೆ. ಬೀಜ ತೆಗೆದ ಗಾಯ."

"ಯಾವ ಕಾವಲು?"

"ಲಾ ಪಿತಾಯಾ. ಸಾನ್ ಲಾಸಾರೊ ಹತ್ರ."

"ಅದೇ ಹುಳ ಅಂತ ಗ್ಯಾರಂಟಿನಾ ಮೇಡಂ? ದಿನಕ್ಕೆ ಇಪ್ಪತ್ತು ಜನ ಮಾಡ್ತಾರೆ."

"ಇಲ್ಲ," ಎಂದಳು ಯಾದಿರಾ. "ನಂಗೆ ಯಾವುದೂ ಗ್ಯಾರಂಟಿ ಇರಲ್ಲ. ಆದ್ರೆ ಕಡ್ಡೀಲಿ ಮುಟ್ಟಿದ್ರೆ ಹೊರಗೆ ಬರಲ್ಲ, ಒಳಗೆ ಹೋಗ್ತವೆ. ಪಕ್ಕದ ಕಾವಲಲ್ಲಿ ಇನ್ನೂ ಹಸಿಗಾಯದ ಕರುಗಳಿವೆ. ನಾಡಿದ್ದು ಎಲ್ಲಾ ಒಂದೇ ಲಾರೀಲಿ ಗೆರೆಗೆ ಹೊರಡ್ತಾವೆ. ಸುಳ್ಳಾದ್ರೆ ಬೈದು ಹೋಗಿ. ಆದ್ರೆ ಲಾರಿಗಿಂತ ಮುಂಚೆ ಬನ್ನಿ."

ಆಚೆ ಅಗಿಯುವ ಸದ್ದು ನಿಂತಿತು. "ದಾರಿ ಹೇಳಿ," ಎಂದಳು ಆ ಹೆಂಗಸು.

ಯಾದಿರಾ ದಾರಿ ಹೇಳಿದಳು. ಸಾನ್ ಲಾಸಾರೊ ದಾಟಿ, ಎರಡನೇ ಹಳ್ಳದಲ್ಲಿ ಎಡಕ್ಕೆ, ನೀರಿನ ಟ್ಯಾಂಕು ಕಂಡ ಮೇಲೆ ನೇರ. ಕೆಳಗೆ ಕುದುರೆ ದಿಬ್ಬ ಹತ್ತತೊಡಗಿತ್ತು. ಟೋಪಿ ಜಾರಿ ಬಿದ್ದು ಮಗು ಅಳುತ್ತಿತ್ತು.

"ಗೇಟಿಗೆ ಬೀಗ ಇರುತ್ತಾ?"

"ಇರುತ್ತೆ. ನೀವು ಎಷ್ಟೊತ್ತಿಗೆ ಬಂದ್ರೂ ಸರಿ, ನಾನೇ ಗೇಟ್ ಹತ್ರ ನಿಂತಿರ್ತೀನಿ."